ಸ್ತ್ರೀಯರ ಕ್ರಿಸ್ಮಸ್ ಚಹಾಕೂಟಕ್ಕೆ ಯಾವ ವಿಷಯ ಸೂಕ್ತ?

ಪ್ರಶ್ನೆ:
ಸಹೋದರಿಯರಿಗೆ ವಂದನೆಗಳು. ಮಂಗಳೂರಿನ ನಮ್ಮ ಸಭೆಯ ಸ್ತ್ರೀಯರಿಗಾಗಿ ಡಿಸೆಂಬರ್‌ನ ಒಂದು ಶನಿವಾರ ಸಂಜೆ ಚಹಾಕೂಟ ನಡೆಸುವ ಜವಾಬ್ದಾರಿ ನನಗೆ ಬಂದಿದೆ. ಅಲಂಕಾರ, ತಿಂಡಿ, ಧ್ಯಾನ ಇವೆಲ್ಲವನ್ನೂ ಒಂದೇ ಎಳೆಯಲ್ಲಿ ಹೆಣೆಯುವಂಥ ವಿಷಯವೊಂದನ್ನು ದಯವಿಟ್ಟು ಸೂಚಿಸುವಿರಾ?

ಉತ್ತರ 1:
ಕ್ರಿಸ್ತಜನನದ ವೃತ್ತಾಂತದ ಸ್ತ್ರೀಯರನ್ನೇ ವಿಷಯವಾಗಿಸಿಕೊಳ್ಳಿ. ಮತ್ತಾಯನು ತನ್ನ ಸುವಾರ್ತೆಯಲ್ಲಿ ಕೊಡುವ ಯೇಸುವಿನ ವಂಶಾವಳಿಯಲ್ಲಿ ತಾಯಿ ಮರಿಯಳಿಗಿಂತ ಮೊದಲು ತಾಮಾರ್, ರಾಹಾಬ್, ರೂತ್ ಮತ್ತು ಊರೀಯನ ಹೆಂಡತಿ ಬರುತ್ತಾರೆ. ಲೂಕನ ಸುವಾರ್ತೆಯ ಮೊದಲ ಎರಡು ಅಧ್ಯಾಯಗಳಲ್ಲಿ ಮರಿಯಳ ಬಂಧು ಎಲಿಸಬೇತಳೂ, ದೇವಾಲಯವನ್ನು ಬಿಡದೆ ಉಪವಾಸ ಪ್ರಾರ್ಥನೆಗಳಲ್ಲಿ ನಿರತಳಾಗಿದ್ದ ವೃದ್ಧ ವಿಧವೆ ಅನ್ನಳೂ ಇದ್ದಾರೆ. ಒಂದೊಂದು ಮೇಜಿಗೆ ಒಬ್ಬೊಬ್ಬಳ ಹೆಸರಿಟ್ಟು, ಆಯಾ ಮೇಜಿನವರು ಅವಳ ಕುರಿತಾದ ವಾಕ್ಯಭಾಗವನ್ನು ಓದಿ ಮಾತನಾಡಿಕೊಳ್ಳಲಿ. ಕಿಟಕಿಗೆ ಕೆಂಪು ದಾರ ಕಟ್ಟಿದ ರಾಹಾಬಳ ಮೇಜಿಗೆ ಅಂಥದೇ ದಾರ, ಹೊಲದಲ್ಲಿ ತೆನೆ ಆಯ್ದ ರೂತಳ ಮೇಜಿಗೆ ಜವೆಗೋದಿಯ ಬದಲು ನಮ್ಮ ಭತ್ತದ ತೆನೆ ಸಾಕು. ದುಬಾರಿ ಅಲಂಕಾರ ಬೇಕಿಲ್ಲ. ಅನ್ನಳ ಮೇಜಿನಲ್ಲಿ ವಿಧವೆಯರನ್ನಷ್ಟೇ ಕೂರಿಸಬೇಡಿ, ಎಲ್ಲ ವಯಸ್ಸಿನವರೂ ಬೆರೆತಿರಲಿ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ.

ಉತ್ತರ 2:
ಮಂಗಳೂರಿನಲ್ಲಿ ತಿಂಡಿಯೆಂದರೆ ಕುಸ್ವಾರ್, ಅಂದರೆ ಕ್ರಿಸ್ಮಸ್‌ಗೆಂದು ಮಾಡುವ ಬಗೆಬಗೆಯ ತಿಂಡಿಗಳು. ನೆವ್ರಿ, ಕಿಡಿಯೊ, ಗುಳಿಯೊ ಇವುಗಳನ್ನು ಮನೆಗೊಂದರಂತೆ ಹಂಚಿಕೊಂಡರೆ ಯಾರಿಗೂ ಹೊರೆಯಾಗದು. ನೆವ್ರಿಯ ಹೂರಣಕ್ಕೆ ಎಳ್ಳನ್ನೂ ಒಣಕೊಬ್ಬರಿಯನ್ನೂ ಚೆನ್ನಾಗಿ ಹುರಿದು ಬಳಸಿದರೆ ಬೇಗ ಕೆಡುವುದಿಲ್ಲ, ಆದ್ದರಿಂದ ಕೆಲವು ದಿನ ಮೊದಲೇ ಮಾಡಿಡಬಹುದು. ಸಕ್ಕರೆ ಕಾಯಿಲೆಯಿರುವ ಹಿರಿಯರಿಗಾಗಿ ಚಕ್ಕುಲಿ ಮತ್ತು ಸಕ್ಕರೆ ಹಾಕದ ಚಹಾ ಬೇರೆಯಾಗಿರಲಿ.

ಉತ್ತರ 3:
ಮೇಲಿನ ಸಲಹೆಗಳಿಗೆ ಒಂದನ್ನು ಸೇರಿಸುತ್ತೇನೆ. ಲೂಕ 1:46ರಿಂದ 55ರವರೆಗಿನ ಮರಿಯಳ ಸ್ತುತಿಗೀತೆಯನ್ನು ಎಲ್ಲರೂ ಕೂಡಿ ಓದಿ ಕೂಟವನ್ನು ಆರಂಭಿಸಿ. ಬಸ್ಸಿನಲ್ಲಿ ಹಿಂದಿರುಗಬೇಕಾದವರನ್ನು ನೆನೆದು ಕತ್ತಲಾಗುವ ಮುನ್ನವೇ ಮುಗಿಸಿ.