ರೋಬೋಟ್ ಬಂದರೆ ಹೋಗುವುದು ಯಾರ ಕೆಲಸ? ಕಾರ್ಖಾನೆ ಯಾಂತ್ರೀಕರಣ ಕುರಿತ ಪ್ರಶ್ನೋತ್ತರ

ಗುಂಪಿನ ಎಲ್ಲ ಸದಸ್ಯರಿಗೂ ನಮಸ್ಕಾರ. ಬೆಂಗಳೂರು ಮತ್ತು ಹೊಸೂರು ಭಾಗದ ಕಾರ್ಖಾನೆಗಳಲ್ಲಿ ವೆಲ್ಡಿಂಗ್ ರೋಬೋಟ್ ಹಾಗೂ ಯಂತ್ರಗಳಿಗೆ ಬಿಡಿಭಾಗ ತುಂಬುವ ರೋಬೋಟ್‌ಗಳನ್ನು ಅಳವಡಿಸುವ ಎಂಜಿನಿಯರ್ ಒಬ್ಬರು ಈ ಬಾರಿ ಸದಸ್ಯರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ. ಕೇಳಿದವರ ಹೆಸರನ್ನು ಬಿಟ್ಟು, ಊರು ಮತ್ತು ಕೆಲಸವನ್ನಷ್ಟೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ (ದಾಬಸ್‌ಪೇಟೆ, ವೆಲ್ಡರ್): ಸರ್, ನಾನು ಐಟಿಐ ಮುಗಿಸಿ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಮಿಗ್ ವೆಲ್ಡಿಂಗ್ (ತಂತಿ ಕರಗಿಸಿ ಲೋಹ ಬೆಸೆಯುವ ಕೆಲಸ) ಮಾಡುತ್ತಿದ್ದೇನೆ. ನಮ್ಮ ಲೈನಿನಲ್ಲಿ ಪಾಳಿಗೆ ಆರು ಮಂದಿ ಇದ್ದೇವೆ. ನಾನೂ ಇನ್ನೊಬ್ಬರೂ ಕಾಯಂ, ಉಳಿದ ನಾಲ್ವರು ಗುತ್ತಿಗೆಯವರು. ಯುಗಾದಿ ಕಳೆದ ಮೇಲೆ ಎರಡು ರೋಬೋಟ್ ಬರುತ್ತವೆ, ಆದರೆ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಎಂದು ಮ್ಯಾನೇಜರ್ ಹೇಳಿದ್ದಾರೆ. ಈ ಮಾತನ್ನು ನಂಬಬಹುದೇ?

ಉತ್ತರ: ನಿಮ್ಮ ಮಟ್ಟಿಗೆ ಬಹುಪಾಲು ನಂಬಬಹುದು. ನಿಮ್ಮ ಪಕ್ಕದಲ್ಲಿ ನಿಂತು ಕೆಲಸ ಮಾಡುವ ಗುತ್ತಿಗೆಯವರ ಮಟ್ಟಿಗೆ, ಮತ್ತು ಮುಂದಿನ ವರ್ಷ ಅದೇ ಗೇಟಿನ ಮುಂದೆ ಅರ್ಜಿ ಹಿಡಿದು ನಿಲ್ಲಲಿರುವ ಹುಡುಗರ ಮಟ್ಟಿಗೆ ಆ ಮಾತು ನಿಲ್ಲುವುದು ಕಷ್ಟ.

ಏಕೆಂದರೆ ಲೆಕ್ಕ ಹೀಗಿದೆ. ಕೈಯಿಂದ ವೆಲ್ಡ್ ಮಾಡುವಾಗ ಆರ್ಕ್, ಎಂದರೆ ಲೋಹ ಕರಗಿಸುವ ವಿದ್ಯುತ್ ಕಿಡಿ, ನಿಜವಾಗಿ ಉರಿಯುವುದು ಸಾಮಾನ್ಯವಾಗಿ ಪಾಳಿಯ ಸಮಯದ ಶೇ. 20ರಿಂದ 30ರಷ್ಟು ಮಾತ್ರ. ಉಳಿದ ಹೊತ್ತು ಭಾಗಗಳನ್ನು ಜೋಡಿಸುವುದು, ಕ್ಲ್ಯಾಂಪ್ ಹಾಕಿ ತೆಗೆಯುವುದು, ಸ್ಪ್ಯಾಟರ್ (ಸಿಡಿದು ಅಂಟಿದ ಲೋಹದ ಹನಿ) ಕೆರೆಯುವುದು, ಹೊಗೆಯಿಂದ ಆಚೆ ಬಂದು ಉಸಿರೆಳೆದುಕೊಳ್ಳುವುದು ಇವುಗಳಿಗೆ ಹೋಗುತ್ತದೆ. ರೋಬೋಟ್ ಸೆಲ್‌ನಲ್ಲಿ ಭಾಗಗಳನ್ನು ಅಲುಗದಂತೆ ಹಿಡಿದಿಡುವ ಎರಡು ಫಿಕ್ಸ್ಚರ್‌ಗಳನ್ನಿಟ್ಟು, ಒಂದರಲ್ಲಿ ವೆಲ್ಡಿಂಗ್ ನಡೆಯುತ್ತಿರುವಾಗಲೇ ಇನ್ನೊಂದಕ್ಕೆ ಆಳು ಭಾಗಗಳನ್ನು ತುಂಬುವ ವ್ಯವಸ್ಥೆ ಮಾಡಿದರೆ, ಈ ಪ್ರಮಾಣ ಶೇ. 60ನ್ನೂ ದಾಟುತ್ತದೆ. ಎಂದರೆ ಒಂದು ರೋಬೋಟ್ ಎರಡರಿಂದ ಮೂರು ವೆಲ್ಡರ್‌ಗಳ ಆರ್ಕ್ ಕೆಲಸವನ್ನು ಎಳೆದುಕೊಳ್ಳುತ್ತದೆ. ಅಷ್ಟಾದರೂ ಭಾಗ ತುಂಬುವವರು, ಟಿಪ್ ಬದಲಿಸುವವರು, ಬೀಡ್ (ವೆಲ್ಡ್ ಆದ ಗೆರೆ) ನೋಡಿ ಒಪ್ಪುವವರು, ತಪ್ಪಿದ್ದನ್ನು ಕೈಯಿಂದ ಸರಿಪಡಿಸುವವರು ಬೇಕೇ ಬೇಕು. ಆರು ಮಂದಿಯ ಲೈನು ಮೂವರಿಗೆ ಇಳಿದೀತು ಎಂದು ನನ್ನ ಅಂದಾಜು. ಆ ಮೂವರಲ್ಲಿ ಕಾಯಂ ಇಬ್ಬರೂ ಇರುತ್ತೀರಿ. ಗುತ್ತಿಗೆಯವರನ್ನು ಯಾರೂ ‘ತೆಗೆಯುವುದಿಲ್ಲ’, ಅವರ ಗುತ್ತಿಗೆ ನವೀಕರಣವಾಗುವುದಿಲ್ಲ, ಅಷ್ಟೆ. ಮ್ಯಾನೇಜರ್ ಸುಳ್ಳು ಹೇಳಿದಂತೆಯೂ ಆಗಲಿಲ್ಲ.

ನಮ್ಮಲ್ಲಿ ಮಾತ್ರ ಹೀಗೆ ಎಂದು ತಿಳಿಯಬೇಡಿ. ಜರ್ಮನಿಯಲ್ಲಿ 1994ರಿಂದ 2014ರವರೆಗಿನ ಉದ್ಯೋಗ ದಾಖಲೆಗಳನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರು ಕಂಡದ್ದೂ ಇದನ್ನೇ: ರೋಬೋಟ್ ಬಂದ ಉದ್ಯಮಗಳಲ್ಲಿ ಆಗಲೇ ಕೆಲಸದಲ್ಲಿದ್ದವರು ಹೆಚ್ಚಾಗಿ ಅದೇ ಕಂಪನಿಯಲ್ಲಿ, ಅನೇಕ ವೇಳೆ ಬೇರೆ ಕೆಲಸಕ್ಕೆ ಬದಲಾಗಿ, ಉಳಿದುಕೊಂಡರು, ಕಡಿಮೆಯಾದದ್ದು ಹೊಸದಾಗಿ ಕಾರ್ಖಾನೆಗೆ ಸೇರುವ ಯುವಕರ ಸಂಖ್ಯೆ. ಅಲ್ಲಿ ಒಟ್ಟು ಉದ್ಯೋಗ ಕುಸಿಯಲಿಲ್ಲ, ಏಕೆಂದರೆ ಸೇವಾ ವಲಯದಲ್ಲಿ ಅಷ್ಟೇ ಕೆಲಸಗಳು ಹುಟ್ಟಿಕೊಂಡವು.

ನೀವು ಈಗ ಮಾಡಬೇಕಾದದ್ದು ಒಂದಿದೆ. ರೋಬೋಟಿಗೆ ದಾರಿ ಕಲಿಸುವ ಟೀಚ್ ಪೆಂಡೆಂಟ್ ಎಂಬ ಕೈಯಲ್ಲಿ ಹಿಡಿಯುವ ನಿಯಂತ್ರಕ ನಿಮ್ಮ ಕೈಗೆ ಬರುವಂತೆ ನೋಡಿಕೊಳ್ಳಿ. ಟಾರ್ಚಿನ ಕೋನ, ವೈರ್ ಹೊರಚಾಚುವ ಉದ್ದ, ಶೀಟ್‌ಗಳ ನಡುವಿನ ಸಂದು ಹೆಚ್ಚಾದಾಗ ವೇಗವನ್ನು ಎಷ್ಟು ತಗ್ಗಿಸಬೇಕು ಎಂಬ ಅಂದಾಜು, ಇವೆಲ್ಲ ವೆಲ್ಡರ್‌ಗೆ ತಿಳಿದಿರುತ್ತವೆಯೇ ಹೊರತು ಕಾಲೇಜಿನಿಂದ ನೇರವಾಗಿ ಬಂದ ಪ್ರೋಗ್ರಾಮರ್‌ಗೆ ತಿಳಿದಿರುವುದಿಲ್ಲ. ವೆಲ್ಡಿಂಗ್ ಗೊತ್ತಿಲ್ಲದವರು ಕಲಿಸಿದ ರೋಬೋಟ್ ಕೆಟ್ಟ ವೆಲ್ಡನ್ನೇ ಒಂದೇ ಸಮನೆ, ಬಹಳ ನಿಖರವಾಗಿ ಮಾಡುತ್ತಾ ಹೋಗುತ್ತದೆ.

ಅದೇ ಸದಸ್ಯರು: ಪೆಂಡೆಂಟ್‌ನಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ ಇರುತ್ತದೆ. ನನ್ನಂಥವರಿಗೆ ಸಾಧ್ಯವೇ?

ಉತ್ತರ: ಖಂಡಿತ ಸಾಧ್ಯ. ದಿನವೂ ಬಳಸುವ ಪದಗಳು ಹೆಚ್ಚಿಲ್ಲ; ಉಳಿದದ್ದು ಅಂಕಿಗಳು ಮತ್ತು ಕೈಯ ಅಭ್ಯಾಸ. ಇಲ್ಲಿ ಒಂದು ಒಳಗಿನ ಸಂಗತಿಯನ್ನು ಹೇಳುತ್ತೇನೆ. ರೋಬೋಟ್ ಖರೀದಿಸುವಾಗ ಪೂರೈಕೆದಾರರು ಸಾಮಾನ್ಯವಾಗಿ ಕೆಲವು ಮಂದಿಗೆ ತರಬೇತಿಯನ್ನೂ ಸೇರಿಸಿಯೇ ದರ ಹೇಳಿರುತ್ತಾರೆ, ಮತ್ತು ಆ ಸ್ಥಾನಗಳು ಬಹಳಷ್ಟು ಸಲ ಮೇಲ್ವಿಚಾರಕರಿಗೆ ಹೋಗಿ ವ್ಯರ್ಥವಾಗುತ್ತವೆ. ಪರ್ಚೇಸ್ ಆರ್ಡರ್ ಹೊರಡುವ ಮೊದಲೇ, ಲೈನಿನ ವೆಲ್ಡರ್‌ಗೆ ಅದರಲ್ಲೊಂದು ಸ್ಥಾನ ಬೇಕೆಂದು ಲಿಖಿತವಾಗಿ ಕೇಳಿ. ಯಂತ್ರ ಬಂದಿಳಿದ ಮೇಲೆ ಕೇಳಿದರೆ ಉತ್ಪಾದನೆಯ ಅವಸರದಲ್ಲಿ ಯಾರೂ ಕಿವಿಗೊಡುವುದಿಲ್ಲ.

ಪ್ರಶ್ನೆ (ಮದ್ದೂರು, ಗೃಹಿಣಿ): ನನ್ನ ತಂಗಿ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದಾಳೆ. ಬಟ್ಟೆ ಹೊಲಿಯುವ ರೋಬೋಟ್ ಬರುತ್ತದೆಯಂತೆ ಎಂದು ಅವಳ ಬ್ಯಾಚಿನ ಹೆಂಗಸರೆಲ್ಲ ಹೆದರಿದ್ದಾರೆ. ಇದು ನಿಜವೇ?

ಉತ್ತರ: ಅಮ್ಮಾ, ಹೊಲಿಗೆ ಯಂತ್ರದ ಮುಂದೆ ಕೂರುವ ನಿಮ್ಮ ತಂಗಿಗೆ ಸದ್ಯಕ್ಕೆ ಆ ಭಯ ಬೇಡ. ಉಕ್ಕಿನ ತಗಡು ಇಟ್ಟ ಜಾಗದಲ್ಲಿ ಇಟ್ಟ ಆಕಾರದಲ್ಲೇ ಇರುತ್ತದೆ; ಬಟ್ಟೆ ಹಾಗಲ್ಲ, ಹಿಡಿದರೆ ಮಡಚಿಕೊಳ್ಳುತ್ತದೆ, ಎಳೆದರೆ ಹಿಗ್ಗುತ್ತದೆ, ಎರಡು ಪದರಗಳು ಒಂದರ ಮೇಲೊಂದು ಜಾರುತ್ತವೆ. ಕಾಲರ್ ಕೂರಿಸುವಾಗ ಬೆರಳುಗಳು ಅರಿವಿಲ್ಲದೆಯೇ ಮಾಡುವ ಹೊಂದಾಣಿಕೆಯನ್ನು ಯಂತ್ರಕ್ಕೆ ಕಲಿಸುವುದು ಇಂದಿಗೂ ಬಹಳ ಕಷ್ಟ ಮತ್ತು ದುಬಾರಿ. ಅಡಿಡಾಸ್ ಕಂಪನಿ ಶೂ ತಯಾರಿಕೆಯನ್ನು ಏಷ್ಯಾದಿಂದ ಮರಳಿ ತರುವ ಉದ್ದೇಶದಿಂದ ಜರ್ಮನಿಯ ಅನ್ಸ್‌ಬಾಕ್ ಮತ್ತು ಅಮೆರಿಕದ ಅಟ್ಲಾಂಟಾದಲ್ಲಿ ರೋಬೋಟ್‌ಗಳ ಕಾರ್ಖಾನೆಗಳನ್ನು ತೆರೆದು ದೊಡ್ಡ ಸುದ್ದಿ ಮಾಡಿತ್ತು. 2020ರ ಹೊತ್ತಿಗೆ ಎರಡನ್ನೂ ಮುಚ್ಚಿ, ಆ ತಂತ್ರಜ್ಞಾನವನ್ನು ವಿಯೆಟ್ನಾಂ ಮತ್ತು ಚೀನಾದ ಪೂರೈಕೆದಾರರಿಗೆ ಸಾಗಿಸಿತು.

ಆದರೆ ಹೊಲಿಗೆಯ ಸುತ್ತಲಿನ ಕೆಲಸಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಬಟ್ಟೆ ಹರಡಿ ಕತ್ತರಿಸುವ ಕೆಲಸ ದೊಡ್ಡ ಕಾರ್ಖಾನೆಗಳಲ್ಲಿ ಆಗಲೇ ಕಂಪ್ಯೂಟರ್ ಚಾಲಿತ ಯಂತ್ರಗಳ ಪಾಲಾಗಿದೆ. ಹೊಲಿಗೆ ಯಂತ್ರವೇ ದಾರ ಕತ್ತರಿಸುವಂತಾದ ಮೇಲೆ ದಾರ ಕತ್ತರಿಸುವ ಹೆಲ್ಪರ್‌ಗಳು ಕಡಿಮೆ ಸಾಕಾಗುತ್ತಾರೆ. ಹಳ್ಳಿಯಿಂದ ಮೊದಲ ಸಲ ಬಸ್ಸು ಹತ್ತಿ ಬರುವ ಹುಡುಗಿ ಹೆಲ್ಪರ್ ಆಗಿಯೇ ಒಳಗೆ ಬಂದು, ಊಟದ ವಿರಾಮದಲ್ಲಿ ಯಂತ್ರದ ಮೇಲೆ ಕೈ ಓಡಿಸಿ ಟೈಲರ್ ಆಗುವುದು ರೂಢಿ. ಆ ಮೆಟ್ಟಿಲೇ ಕಿರಿದಾಗುತ್ತಿರುವುದು ನನಗೆ ಹೊಲಿಯುವ ರೋಬೋಟಿಗಿಂತ ಹೆಚ್ಚು ಚಿಂತೆಯ ವಿಷಯವಾಗಿ ಕಾಣುತ್ತದೆ.

ಪ್ರಶ್ನೆ (ಪೀಣ್ಯ, ಸಣ್ಣ ಕೈಗಾರಿಕೆಯ ಮಾಲೀಕರು): ಕಂಪ್ಯೂಟರ್ ಸೂಚನೆಯಂತೆ ಲೋಹ ಕೊರೆಯುವ ಸಿಎನ್‌ಸಿ ಯಂತ್ರಗಳಿಗೆ ರಾತ್ರಿ ಪಾಳಿಯಲ್ಲಿ ಆಪರೇಟರ್‌ಗಳೇ ಸಿಗುತ್ತಿಲ್ಲ. ಹಬ್ಬಕ್ಕೆ ಊರಿಗೆ ಹೋದ ಹುಡುಗರು ಮರಳಿ ಬರುವುದಿಲ್ಲ. ಇಲ್ಲಿ ನಾವು ಆಳುಗಳಿಗಾಗಿ ಅಲೆಯುತ್ತಿದ್ದೇವೆ, ನೀವೆಲ್ಲ ಕೆಲಸ ಹೋಗುವ ಮಾತನಾಡುತ್ತಿದ್ದೀರಿ. ಕೋಬಾಟ್ (ಆಳುಗಳ ಪಕ್ಕದಲ್ಲೇ ಕೆಲಸ ಮಾಡಬಲ್ಲ ರೋಬೋಟ್) ಹಾಕಿಸಿದರೆ ಲಾಭವಿದೆಯೇ?

ಉತ್ತರ: ನೀವು ಹೇಳುವುದೂ ನಿಜ, ಕೆಲಸವಿಲ್ಲದ ಯುವಕರೂ ಆಳು ಸಿಗದ ಕಾರ್ಖಾನೆಗಳೂ ನಮ್ಮಲ್ಲಿ ಒಟ್ಟಿಗೇ ಇವೆ. ರಾತ್ರಿ ಪಾಳಿಗೆ ಕೊಡುವ ಸಂಬಳದಲ್ಲಿ ಬೆಂಗಳೂರಿನ ಬಾಡಿಗೆ ಕಟ್ಟಿ ಬದುಕಬಹುದೇ ಎಂಬ ಪ್ರಶ್ನೆಯನ್ನೂ ದಯವಿಟ್ಟು ಈ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಕೋಬಾಟ್ ಲಾಭವೇ ಎಂಬುದು ನಿಮ್ಮ ಬ್ಯಾಚಿನ ಗಾತ್ರದ ಮೇಲೆ ನಿಂತಿದೆ. ಒಂದೇ ಭಾಗವನ್ನು ವಾರಗಟ್ಟಲೆ ಸಾವಿರಗಳ ಲೆಕ್ಕದಲ್ಲಿ ತಿರುಗಿಸುವವರಾದರೆ ಹಾಕಿಸಿ. ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಜಾಬ್ ಬದಲಾಗುವ ಘಟಕವಾದರೆ ಭಾಗ ಹಿಡಿಯುವ ಗ್ರಿಪ್ಪರ್ ಬದಲಿಸುವುದರಲ್ಲೇ ದಿನ ಕಳೆಯುತ್ತದೆ. ರೋಬೋಟಿನ ತೋಳಿನ ಬೆಲೆಯೊಂದನ್ನೇ ನೋಡಿ ಆರ್ಡರ್ ಹಾಕಬೇಡಿ. ಗ್ರಿಪ್ಪರ್, ಭಾಗಗಳನ್ನು ಸಾಲಾಗಿ ಇಡುವ ಟ್ರೇ, ಯಂತ್ರದ ಬಾಗಿಲು ತಾನೇ ತೆರೆಯುವ ವ್ಯವಸ್ಥೆ, ಸುರಕ್ಷತಾ ಸೆನ್ಸರ್, ಪಿಎಲ್‌ಸಿ (ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರ್) ಜೋಡಣೆ ಇವೆಲ್ಲ ಸೇರಿ ಒಟ್ಟು ಖರ್ಚು ತೋಳಿನ ಬೆಲೆಯ ಇಮ್ಮಡಿಯಾಗುವುದು ಅಪರೂಪವಲ್ಲ. ದೊಡ್ಡವರೂ ಇಲ್ಲಿ ಎಡವಿದ್ದಾರೆ. ಫೋನ್ ಜೋಡಿಸುವ ಫಾಕ್ಸ್‌ಕಾನ್ ಕಂಪನಿಯ ಮುಖ್ಯಸ್ಥರು ಮೂರು ವರ್ಷಗಳಲ್ಲಿ ಹತ್ತು ಲಕ್ಷ ರೋಬೋಟ್ ಹಾಕುವುದಾಗಿ 2011ರಲ್ಲಿ ಹೇಳಿದ್ದರು; ಅದು ಆಗಲಿಲ್ಲ. ಅದೇ ಕಂಪನಿ ಇಂದು ನಮ್ಮ ದೇವನಹಳ್ಳಿ ಬಳಿ ಫೋನ್ ಜೋಡಣೆಗೆ ಸಾವಿರಾರು ಯುವತಿಯರನ್ನು ನೇಮಿಸಿಕೊಳ್ಳುತ್ತಿದೆ.

ಪ್ರಶ್ನೆ (ಮೈಸೂರು, ನಿವೃತ್ತ ಬ್ಯಾಂಕ್ ನೌಕರರು): ರೋಬೋಟ್ ಅಳವಡಿಸಿ ಸಂಪಾದಿಸುವ ತಾವು ಅದರ ಪರವಾಗಿ ಮಾತನಾಡುವುದು ಸಹಜ. ಆದರೆ 80ರ ದಶಕದಲ್ಲಿ ಬ್ಯಾಂಕಿಗೆ ಕಂಪ್ಯೂಟರ್ ಬಂದಾಗ ನಾವೂ ಮುಷ್ಕರ ಮಾಡಿದವರು. ಆಮೇಲೆ ನೋಡಿದರೆ ಯಾರ ಕೆಲಸವೂ ಹೋಗಲಿಲ್ಲ. ಈ ಭಯವೂ ಹಾಗೆಯೇ ಅಲ್ಲವೇ?

ಉತ್ತರ: ನನ್ನ ಹಿತಾಸಕ್ತಿಯ ಬಗ್ಗೆ ತಾವು ಹೇಳಿದ್ದು ಸರಿಯೇ ಇದೆ, ಆದ್ದರಿಂದ ಮುಚ್ಚಿಡದೆ ಹೇಳುತ್ತೇನೆ: ಗ್ರಾಹಕರಿಗೆ ನಾವು ಕೊಡುವ ಪ್ರಸ್ತಾವದಲ್ಲಿ ‘ಪಾಳಿಗೆ ಎಷ್ಟು ಆಳು ಉಳಿತಾಯ’ ಎಂಬ ಕಾಲಂ ಇದ್ದೇ ಇರುತ್ತದೆ. ಹಾಕಿದ ಬಂಡವಾಳ ಎರಡು ವರ್ಷದಲ್ಲಿ ಮರಳುವುದೋ ನಾಲ್ಕು ವರ್ಷದಲ್ಲೋ ಎಂಬುದು ಬಹುಮಟ್ಟಿಗೆ ಆ ಕಾಲಂನಿಂದಲೇ ತೀರ್ಮಾನವಾಗುತ್ತದೆ. ರೋಬೋಟಿನಿಂದ ಕೆಲಸ ಹೋಗುವುದೇ ಇಲ್ಲ ಎಂದು ನಮ್ಮ ವೃತ್ತಿಯವರು ವೇದಿಕೆಯ ಮೇಲೆ ಹೇಳುವಾಗ ನನಗೆ ಮುಜುಗರವಾಗುತ್ತದೆ.

ಬ್ಯಾಂಕಿನ ಉದಾಹರಣೆಯನ್ನು ನಾನು ಬೇರೆಯಾಗಿ ಓದುತ್ತೇನೆ. ಒಳಗಿದ್ದ ಗುಮಾಸ್ತರನ್ನು ಕಳುಹಿಸಲಿಲ್ಲ ಎಂಬುದು ನಿಜ, ಅದು ತಮ್ಮ ಸಂಘಟನೆಗಳ ಬಲ. ಆದರೆ ಮುಂದೆ ಗುಮಾಸ್ತರ ನೇಮಕಾತಿ ಹಲವು ವರ್ಷ ಸೊರಗಿತು, 2000-01ರ ಸ್ವಯಂ ನಿವೃತ್ತಿ ಯೋಜನೆಯಲ್ಲಿ ಸರ್ಕಾರಿ ಬ್ಯಾಂಕುಗಳಿಂದ ಲಕ್ಷದಷ್ಟು ಮಂದಿ ಹೊರಬಂದರು. ಬಾಗಿಲಿನ ಹೊರಗಿದ್ದವರು ಮುಷ್ಕರ ಮಾಡುವಂತಿರಲಿಲ್ಲ, ಅವರ ಲೆಕ್ಕವನ್ನು ಯಾರೂ ಇಡಲೂ ಇಲ್ಲ.

ವೇಗದ ಬಗ್ಗೆಯೂ ಒಂದು ಮಾತು. ಮೊದಲ ಕೈಗಾರಿಕಾ ರೋಬೋಟ್ ‘ಯುನಿಮೇಟ್’ 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ, ಬಿಸಿ ಡೈಕಾಸ್ಟಿಂಗ್ ಭಾಗಗಳನ್ನು ಎತ್ತಿಡುವ ಕೆಲಸಕ್ಕೆ ನಿಂತಿತು. ಇಂದು ಜಗತ್ತಿನ ಕಾರ್ಖಾನೆಗಳಲ್ಲಿ ದುಡಿಯುವ ರೋಬೋಟ್‌ಗಳು 40 ಲಕ್ಷವನ್ನು ಮೀರಿವೆ. ಅಂತರರಾಷ್ಟ್ರೀಯ ರೋಬೋಟಿಕ್ಸ್ ಒಕ್ಕೂಟದ ಲೆಕ್ಕದಂತೆ 2023ರಲ್ಲಿ ಚೀನಾ ಒಂದೇ ಸುಮಾರು 2.76 ಲಕ್ಷ ಹೊಸ ರೋಬೋಟ್ ಹಾಕಿತು. ಭಾರತ ಹಾಕಿದ್ದು 8,510. ದಕ್ಷಿಣ ಕೊರಿಯಾದಲ್ಲಿ ಹತ್ತು ಸಾವಿರ ಕಾರ್ಖಾನೆ ಕೆಲಸಗಾರರಿಗೆ ಸಾವಿರಕ್ಕೂ ಹೆಚ್ಚು ರೋಬೋಟ್‌ಗಳಿವೆ. ನಮ್ಮಲ್ಲಿ ಕೂಲಿ ಅಗ್ಗವಾಗಿರುವುದರಿಂದ ವೇಗ ಕಡಿಮೆ. ಅಮೆರಿಕದ ಅನುಭವ ಜರ್ಮನಿಯಷ್ಟು ಮೆದುವಾಗಿರಲಿಲ್ಲ: ಅರ್ಥಶಾಸ್ತ್ರಜ್ಞರಾದ ಅಸೆಮೊಗ್ಲು ಮತ್ತು ರೆಸ್ಟ್ರೆಪೊ 1990ರಿಂದ 2007ರವರೆಗಿನ ಅವಧಿಯನ್ನು ಪರಿಶೀಲಿಸಿ, ಸಾವಿರ ಕೆಲಸಗಾರರಿಗೆ ಒಂದು ರೋಬೋಟ್ ಹೆಚ್ಚಾದರೆ ಸರಾಸರಿ ಕೂಲಿ ಶೇ. 0.42ರಷ್ಟು ಇಳಿಯುತ್ತದೆ, ಉದ್ಯೋಗದಲ್ಲಿರುವವರ ಪ್ರಮಾಣವೂ ತಗ್ಗುತ್ತದೆ ಎಂದು ತೋರಿಸಿದರು.

ಹೋದರೆ ಒಳ್ಳೆಯದೆನ್ನುವ ಕೆಲಸಗಳೂ ಇವೆ ಎಂಬುದನ್ನು ಮರೆಯಬಾರದು. ಮ್ಯಾನ್‌ಹೋಲ್‌ಗೆ ಇಳಿದು ಸ್ವಚ್ಛಗೊಳಿಸುವ ಬ್ಯಾಂಡಿಕೂಟ್ ರೋಬೋಟ್ 2018ರಲ್ಲಿ ತಿರುವನಂತಪುರದಲ್ಲಿ ಬಳಕೆಗೆ ಬಂತು. ಅದನ್ನು ನಡೆಸಲು ಹಿಂದೆ ಮ್ಯಾನ್‌ಹೋಲ್ ಕೆಲಸ ಮಾಡುತ್ತಿದ್ದವರಿಗೇ ತರಬೇತಿ ಕೊಟ್ಟರು.

ಪ್ರಶ್ನೆ (ನರಸಾಪುರ, ಗುತ್ತಿಗೆ ಕೆಲಸಗಾರ): ನಮ್ಮನ್ನು ಬಿಡಿಸಿದರೆ ಕಾನೂನಿನಲ್ಲಿ ಏನಾದರೂ ಸಿಗುತ್ತದೆಯೇ?

ಉತ್ತರ: ನಾನು ವಕೀಲನಲ್ಲ, ತಿಳಿದಷ್ಟು ಹೇಳುತ್ತೇನೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ, ಜನರನ್ನು ಕಡಿತ ಮಾಡಬೇಕಾಗಬಹುದಾದ ಯಂತ್ರ ಸುಧಾರಣೆಗೆ ಮುಂಚೆ 21 ದಿನಗಳ ನೋಟಿಸ್ ಕೊಡಬೇಕೆಂಬ ಹಳೆಯ ನಿಯಮ ಉಳಿದಿದೆ. ಒಂದು ವರ್ಷ ಸತತವಾಗಿ ದುಡಿದವರನ್ನು ಕಡಿತ ಮಾಡಿದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ, ಪೂರೈಸಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ, ಮತ್ತು ಹೊಸ ಕೌಶಲ ಕಲಿಕೆಯ ನಿಧಿಯಿಂದ ಇನ್ನೂ 15 ದಿನಗಳ ವೇತನ ಸಿಗಬೇಕು. ತೊಡಕು ಎಲ್ಲಿದೆಯೆಂದರೆ, ನಿಗದಿತ ಅವಧಿಯ ನೇಮಕಾತಿ ಅವಧಿ ಮುಗಿದು ನಿಂತರೆ ಅದು ಕಡಿತದ ಲೆಕ್ಕಕ್ಕೆ ಬರುವುದಿಲ್ಲ; ಗುತ್ತಿಗೆದಾರರ ಮೂಲಕ ಬಂದವರ ಪಾಲಿಗೆ ಮಾಲೀಕರು ಗುತ್ತಿಗೆದಾರರೇ. ನೇಮಕ ಪತ್ರ, ಪಿಎಫ್ ಮತ್ತು ಇಎಸ್‌ಐ ದಾಖಲೆ, ಹಾಜರಾತಿಯ ಪುರಾವೆ ಇವುಗಳನ್ನು ಈಗಲೇ ಫೋನಿನಲ್ಲಿ ಉಳಿಸಿಕೊಂಡು, ಜಿಲ್ಲೆಯ ಕಾರ್ಮಿಕ ಅಧಿಕಾರಿಯನ್ನೋ ಕಾರ್ಮಿಕ ಸಂಘಟನೆಯನ್ನೋ ಕಾಣಿರಿ.

ಪ್ರಶ್ನೆ (ದಾವಣಗೆರೆ, ರೈತರು): ಮಗ ಎಸ್ಸೆಸ್ಸೆಲ್ಸಿ ಮುಗಿಸಿದ್ದಾನೆ. ರೋಬೋಟಿಕ್ಸ್ ಎಂದು ಹೆಸರಿಟ್ಟ ಕೋರ್ಸಿಗೆ ಸೇರಿಸಲೇ?

ಉತ್ತರ: ಹೆಸರಿಗೆ ಹಣ ಕೊಡಬೇಡಿ. ಡಿಪ್ಲೊಮಾ ಮೆಕ್ಯಾನಿಕಲ್ ಆಗಲಿ, ಎಲೆಕ್ಟ್ರಿಕಲ್ ಆಗಲಿ, ಯಂತ್ರ ಮತ್ತು ಎಲೆಕ್ಟ್ರಾನಿಕ್ಸ್ ಎರಡೂ ಸೇರಿದ ಮೆಕಟ್ರಾನಿಕ್ಸ್ ಆಗಲಿ, ಅಡಿಪಾಯ ಗಟ್ಟಿಯಿದ್ದರೆ ಸಾಕು. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಕೋರ್ಸುಗಳನ್ನು ವಿಚಾರಿಸಿ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಿದ್ದು, ಅಲ್ಲಿ ಕೈಗಾರಿಕಾ ರೋಬೋಟಿಕ್ಸ್ ತರಬೇತಿಯೂ ಇದೆ, ಶುಲ್ಕವೂ ಕಡಿಮೆ. ನಮ್ಮ ಕ್ಷೇತ್ರದಲ್ಲಿ ನಿಜವಾಗಿ ಕೊರತೆಯಿರುವುದು ರಾತ್ರಿ ಎರಡು ಗಂಟೆಗೆ ನಿಂತ ಸೆಲ್ಲನ್ನು ಮತ್ತೆ ಓಡಿಸಬಲ್ಲವರದು: ತೋಳಿನ ಸ್ಥಾನ ಅಳೆಯುವ ಎನ್‌ಕೋಡರ್‌ನ ಬ್ಯಾಟರಿ ಸತ್ತಿದೆಯೋ, ಕೇಬಲ್ ಒಳಗೆ ತುಂಡಾಗಿದೆಯೋ, ಫಿಕ್ಸ್ಚರಿನ ಸೆನ್ಸರ್ ಮೇಲೆ ಸ್ಪ್ಯಾಟರ್ ಕೂತಿದೆಯೋ ಎಂದು ಹುಡುಕಿ ಹಿಡಿಯುವ ತಾಳ್ಮೆ ಇರುವವರದು. ಸೇರಿಸುವ ಮೊದಲು ಸಂಸ್ಥೆಗೆ ಹೋಗಿ ರೋಬೋಟ್ ಎಲ್ಲಿದೆ ಎಂದು ಕೇಳಿ, ಅದನ್ನು ಚಾಲೂ ಮಾಡಿ ತೋರಿಸಲು ಹೇಳಿ, ಒಬ್ಬ ವಿದ್ಯಾರ್ಥಿಗೆ ವಾರಕ್ಕೆ ಎಷ್ಟು ಹೊತ್ತು ಪೆಂಡೆಂಟ್ ಕೈಗೆ ಸಿಗುತ್ತದೆ ಎಂಬುದನ್ನು ಹಿಂದಿನ ವರ್ಷದ ವಿದ್ಯಾರ್ಥಿಗಳಿಂದಲೇ ಕೇಳಿ ತಿಳಿದುಕೊಳ್ಳಿ.