ಅಪ್‌ಡೇಟ್: ಕಯಾಕ್ ಕಾರಿನ ಮೇಲೆ ಹೋಗಿ ಬಂತು, ಪೇಂಟ್ ಹಾಗೇ ಇದೆ

ರೂಫ್ ರೇಲ್ (ಸಾಮಾನು ಕಟ್ಟೋಕೆ ಚಾವಣಿ ಮೇಲಿರುವ ಕಂಬಿ) ಇಲ್ಲದ ಕಾರಿನ ಮೇಲೆ ಪೇಂಟ್ ಕೆಡದ ಹಾಗೆ ಕಯಾಕ್, ಅಂದ್ರೆ ಹುಟ್ಟು ಹಾಕಿ ನಡೆಸೋ ಸಣ್ಣ ದೋಣಿ, ಒಯ್ಯೋದು ಹೇಗೆ ಅಂತ ಕೇಳಿದ್ದೆ. ರೂಫ್ ಮೇಲೆ ಕಯಾಕ್ ಅಡಿಗೆ ಫೋಮ್ ಬ್ಲಾಕ್ ಹಾಕಿ ಅಂತ ಹೆಚ್ಚಿನವರು ಹೇಳಿದ್ದಿರಿ. ಹಾಗೇ ಮಾಡಿ ತುಮಕೂರಿನಿಂದ ತಿಪಟೂರು, ಅರಸೀಕೆರೆ, ಶಿವಮೊಗ್ಗ ದಾಟಿ ಶರಾವತಿ ಹಿನ್ನೀರಿನ ಹೊನ್ನೇಮರಡುವಿಗೆ ಹೋಗಿ ಬಂದೆವು. ಒಂದು ಗೀರೂ ಬಿದ್ದಿಲ್ಲ. ತುಂಬಾ ಥ್ಯಾಂಕ್ಸ್.

ನಾನು ಕಂಡ ಹಾಗೆ ಪೇಂಟ್ ಕೆಡಿಸೋದು ಕಯಾಕ್‌ಗಿಂತ ಜಾಸ್ತಿ ಧೂಳು. ಫೋಮ್ ಅಡಿ ಮರಳಿನ ಕಣ ಸಿಕ್ಕಿದರೆ ಗಾಡಿ ಅಲುಗಿದಷ್ಟೂ ಸ್ಯಾಂಡ್‌ಪೇಪರ್ ಥರ ಉಜ್ಜುತ್ತದೆ. ಅದಕ್ಕೇ ಹೊರಡೋ ಮೊದಲು ರೂಫ್ ತೊಳೆದು ಒಣಗಿಸಿದೆ, ಫೋಮಿನ ತಳವನ್ನೂ ಒರೆಸಿದೆ. ವಾಪಸ್ ಬರುವಾಗ ಇದು ಇನ್ನೂ ಮುಖ್ಯ. ದಡದ ಮಣ್ಣೆಲ್ಲ ಕಯಾಕ್‌ಗೆ ಅಂಟಿರುತ್ತೆ ಅಲ್ವಾ?

ಕಟ್ಟೋಕೆ ಕ್ಯಾಮ್ ಬಕಲ್ ಪಟ್ಟಿಯೇ (ಕೈಯಲ್ಲಿ ಎಳೆದು ಬಿಗಿಯೋದು) ಒಳ್ಳೆಯದು. ರಾಚೆಟ್ ಪಟ್ಟಿ (ಹಿಡಿ ಆಡಿಸಿ ಬಿಗಿಯೋದು) ಸುಲಭವಾಗಿ ಅತಿಯಾಗಿ ಬಿಗಿದುಬಿಡುತ್ತದೆ, ಕಯಾಕ್‌ನ ಪ್ಲಾಸ್ಟಿಕ್ ತಗ್ಗಾಗುತ್ತದೆ, ಬಿಸಿಲಲ್ಲಿ ಇನ್ನೂ ಬೇಗ. ಪಟ್ಟಿಯನ್ನು ಬಾಗಿಲು ತೆರೆದು ಒಳಗಿಂದ ಸುತ್ತಿ. ಕಿಟಕಿಯಿಂದ ಹಾಕಿದರೆ ಬಾಗಿಲೇ ತೆರೆಯೋಕಾಗಲ್ಲ! ಕಬ್ಬಿಣದ ಬಕಲ್‌ಗೆ ಬಟ್ಟೆ ಸುತ್ತಿ. ಪಟ್ಟಿಗೆ ಒಂದು ತಿರುವು ಕೊಟ್ಟರೆ ಗಾಳಿಗೆ ಗುಂಯ್‌ಗುಟ್ಟೋದು ಕಡಿಮೆಯಾಗುತ್ತದೆ.

ಕಯಾಕ್‌ನ ಮುಂದಿನ, ಹಿಂದಿನ ತುದಿಯಿಂದ ಕಾರಿಗೆ ಹಗ್ಗ ಕಟ್ಟೋದನ್ನು ಮಾತ್ರ ಬಿಡಲೇಬೇಡಿ. ಹೈವೇಯಲ್ಲಿ ಗಾಳಿ ಕಯಾಕ್‌ನ ಮೂತಿಯನ್ನೇ ಎತ್ತುತ್ತದೆ. ಸ್ವಲ್ಪ ದೂರ ಹೋದಮೇಲೆ ನಿಲ್ಲಿಸಿ ಮತ್ತೆ ಬಿಗಿದೆವು, ಫೋಮ್ ಒತ್ತಿಕೊಂಡು ಪಟ್ಟಿ ಸಡಿಲವಾಗಿತ್ತು.

ಏರಿಸುವಾಗ ಡಿಕ್ಕಿಯ ಅಂಚಿಗೆ ಮಡಚಿದ ಜಮಖಾನ ಹಾಕಿ, ಹಿಂದಿನಿಂದ ಜಾರಿಸಿದರೆ ಇಬ್ಬರೇ ಸಾಕು. ರೂಫ್ ಎಷ್ಟು ಭಾರ ತಡೆಯುತ್ತೆ ಅಂತ ಕಾರಿನ ಕೈಪಿಡಿಯಲ್ಲಿ ನೋಡಿಕೊಳ್ಳಿ.