ಅತ್ತಿಯವರಿಗೆ ಸಮುದ್ರ ತೋರಿಸಬೇಕು: ಪುಣೆಯಿಂದ ಕ್ಯಾರವಾನ್ ತಗೊಂಡು ಹೋಗೂದೋ, ಕಾರೇ ಸಾಕೋ?

ಗದಗಿನ ಸೊಸಿ

ಎಲ್ಲಾರಿಗೂ ನಮಸ್ಕಾರ್ರಿ. ನಾವು ಹದಿನಾಲ್ಕು ವರ್ಷದಿಂದ ಪುಣೆದಾಗ, ಧಾಯರಿಯೊಳಗ ಇದ್ದೀವಿ. ನಮ್ಮ ಅತ್ತಿಯವರಿಗೆ 76 ವರ್ಷ. ಗದಗಿನ್ಯಾಗ ಹುಟ್ಟಿ, ಅಲ್ಲೇ ಸಂಸಾರ ಮಾಡಿ, ಮಾವನವರು ಹೋದ ಮ್ಯಾಲೆ ನಮ್ಮ ಹತ್ರ ಬಂದಾರ. ಹೋದ ಏಕಾದಶಿ ದಿನ ಸಾಬೂದಾಣಿ ಆರಿಸ್ಕೋತ ಕೂತಿದ್ರು. ಟೀವಿಯೊಳಗ ಸಮುದ್ರ ತೋರಿಸ್ಲಿಕ್ಕತ್ತಿದ್ರು. ಕೈ ಅಲ್ಲೇ ನಿಂತ್ವು. ‘ನಾ ಒಮ್ಮೆನೂ ಕಣ್ಣಾರೆ ನೋಡಿಲ್ಲವ್ವಾ’ ಅಂದ್ರು. ನಾಲ್ಕು ತಾಸಿನ ದಾರಿಯೊಳಗ ಇದ್ದು ಇಷ್ಟು ವರ್ಷ ಕರಕೊಂಡು ಹೋಗಲಿಲ್ಲಲ್ಲಾ ಅಂತ ನನಗ ಆ ರಾತ್ರಿ ನಿದ್ದಿನೇ ಹತ್ತಲಿಲ್ಲ.

ತೊಂದರಿ ಏನಂದ್ರ ಅವರ ಎರಡೂ ಮಣಕಾಲು ಹೋಗ್ಯಾವ. ವಾಕರ್ ಹಿಡಕೊಂಡು ಮನಿಯೊಳಗ ಅಡ್ಡಾಡ್ತಾರ. ನೆಲದ ಸಂಡಾಸದಾಗ ಕೂಡ್ಲಿಕ್ಕೆ ಆಗೂದಿಲ್ಲ, ಎರಡು ತಾಸಿಗೊಮ್ಮೆ ಹೋಗೂದಂತೂ ಬೇಕ. ಅದಕ್ಕ ನಮ್ಮ ಮನಿಯವರು ಕ್ಯಾರವಾನ್ ಬಾಡಿಗಿ ಹಿಡಿಯೋಣು ಅಂತಾರ, ಒಳಗ ಹಾಸಗಿ, ಸಂಡಾಸ, ಒಲಿ ಎಲ್ಲಾ ಇರ್ತದಂತ. ಬಾಡಿಗಿ ಕೇಳಿ ನನ್ನ ಎದಿ ಝಲ್ ಅಂತು. ಮಗ ಅಲಿಬಾಗ್‌ಗೆ ಮುಂಜಾನೆ ಹೋಗಿ ರಾತ್ರಿ ಬಂದುಬಿಡೋಣು ಅಂತಾನ, ಅವಗ ಈಸಬೇಕಂತ. ನವೆಂಬರ್ ಕೊನಿಗೆ ಹೊಂಟೀವಿ. ಅಲಿಬಾಗ್, ದಿವೇಆಗರ್, ಹರಿಹರೇಶ್ವರ, ಮುರುಡ್, ಯಾವುದು ಚಲೋ? ಒಂದು ಸಲ ಅವರ ಕಾಲಿಗೆ ಸಮುದ್ರದ ನೀರು ತಾಗಬೇಕು. ನನಗ ಬೇಕಾಗಿದ್ದು ಅಷ್ಟ.

ಚಾಕಣ್ ಹುಡುಗ

ಅಕ್ಕಾ, ಕಾಶೀದ್‌ಗೆ ಹೋಗ್ರಿ. ಬಿಳಿ ಉಸುಕು, ದಂಡಿ ಭಾಳ ಚಂದ ಅದ. ನಾವು ಗೆಳ್ಯಾರು ಬೈಕ್ ಮ್ಯಾಲೆ ಹೋಗಿದ್ವಿ.

ಪನ್ವೇಲಿನ ಕುಂದಾಪ್ರದವ

ತಂಗಿ, ನಿಮ್ಮ ಪ್ರಶ್ನೆ ಓದಿ ಸುಮ್ಮನೆ ಕೂರಲಿಕ್ಕೆ ಆಗಲಿಲ್ಲ. ನಾನು ಕುಂದಾಪುರದ ಕಡಲ ಬದಿಯಲ್ಲೇ ಹುಟ್ಟಿದವ. 1984ರಲ್ಲಿ ಮುಂಬಯಿಗೆ ಬಂದು ಹೋಟೆಲು, ಕ್ಯಾಂಟೀನು ಅಂತ ದುಡಿದು ಈಗ ಪನ್ವೇಲಿನಲ್ಲಿದ್ದೇನೆ. ರಜೆ ಸಿಕ್ಕಿದಾಗಲೆಲ್ಲ ರಾಯಗಡ ಜಿಲ್ಲೆಯ ದಂಡೆಗಳಲ್ಲಿ ತಿರುಗಿದ್ದೇನೆ.

ಯಾವ ದಂಡೆ ಅಂತ ಎಲ್ಲರೂ ಕೇಳುತ್ತಾರೆ, ಯಾವ ತಿಥಿ ಅಂತ ಯಾರೂ ಕೇಳುವುದಿಲ್ಲ. ನಿಮ್ಮ ಅತ್ತೆಯವರ ಕಾಲಿಗೆ ನೀರು ತಾಗಬೇಕಾದರೆ ಮೊದಲು ನೋಡಬೇಕಾದ್ದು ತಿಥಿಯನ್ನು.

ನನ್ನ ಅಮ್ಮ ಕೊನೆಯ ಸಲ ನಮ್ಮಲ್ಲಿಗೆ ಬಂದಾಗ ನಾಲ್ಕು ತಿಂಗಳು ಫ್ಲ್ಯಾಟಿನೊಳಗೇ ಇದ್ದರು. ಕಡಲ ಸದ್ದು ಕೇಳದೆ ನಿದ್ದೆ ಬರುವುದಿಲ್ಲ ಎನ್ನುತ್ತಿದ್ದರು. ಒಂದು ಅಮಾವಾಸ್ಯೆಯ ಮರುದಿನ ದಿವೇಆಗರ್‌ಗೆ ಕರೆದುಕೊಂಡು ಹೋದೆ. ಸೂರ್ಯಾಸ್ತಕ್ಕೆ ಸರಿಯಾಗಿ ದಂಡೆ ಮುಟ್ಟಿದೆವು. ನೋಡಿದರೆ ನೀರು ಎಲ್ಲೋ ದೂರದಲ್ಲಿ ಒಂದು ಗೆರೆ. ನಡುವೆ ಇರುವುದೆಲ್ಲ ಒದ್ದೆ ಮರಳು. ಅಮ್ಮ ಕೋಲೂರಿ ಅರ್ಧ ದಾರಿ ನಡೆದರು, ಕೋಲು ಹೂತು ಹೂತು ಸುಸ್ತಾಗಿ ಅಲ್ಲೇ ಕೂತುಬಿಟ್ಟರು. ಕತ್ತಲಾಯಿತು, ನೀರು ಮುಟ್ಟದೆಯೇ ವಾಪಸು ಬಂದೆವು. ಕಡಲ ಬದಿಯಲ್ಲಿ ಹುಟ್ಟಿದ ನಾನು ಭರತ-ಇಳಿತ ನೋಡದೆ ಹೊರಟಿದ್ದೆನಲ್ಲ, ಆ ಸಂಕಟ ಈಗಲೂ ಇದೆ.

ಅಲ್ಲಿ ಬಲೆ ಹೆಣೆಯುತ್ತಾ ಕೂತಿದ್ದ ಕೋಳಿ ಜನಾಂಗದ ಒಬ್ಬ ಮೀನುಗಾರ ಕೊಂಕಣದ ಹಳೇ ಲೆಕ್ಕ ಹೇಳಿಕೊಟ್ಟ. ಅವರ ಮಾತಿನಲ್ಲಿ ಭರತಿ, ಓಹೋಟಿ. ತಿಥಿಯ ಅಂಕೆಯನ್ನು ಮುಕ್ಕಾಲರಿಂದ ಗುಣಿಸಿ. ಬಂದ ಗಂಟೆಗೆ ಆ ದಿನದ ಪೂರ್ಣ ಭರತ. ಚೌತಿಯಾದರೆ ನಾಲ್ಕು ಮುಕ್ಕಾಲು ಮೂರು, ಹಗಲು ಮೂರಕ್ಕೊಮ್ಮೆ, ರಾತ್ರಿ ಮೂರಕ್ಕೊಮ್ಮೆ. ಅಲ್ಲಿಂದ ಆರು ತಾಸು ಕಳೆದರೆ ಇಳಿತ. ಶುಕ್ಲಪಕ್ಷ, ಕೃಷ್ಣಪಕ್ಷ ಎರಡಕ್ಕೂ ಇದೇ ಲೆಕ್ಕ. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಅದಕ್ಕೇ ಮುಕ್ಕಾಲು. ಅರ್ಧ-ಮುಕ್ಕಾಲು ತಾಸು ಹೆಚ್ಚುಕಮ್ಮಿ ಆಗಬಹುದು, ಹೊರಡುವ ಮುಂಚೆ ಮೊಬೈಲಿನಲ್ಲೂ ಒಮ್ಮೆ ನೋಡಿಕೊಳ್ಳಿ.

ಈಗ ನಿಮ್ಮ ಅತ್ತೆಯವರಿಗೆ ಹೊಂದಿಸಿ ನೋಡಿ. ಅಮಾವಾಸ್ಯೆ, ಹುಣ್ಣಿಮೆಗೆ ನಡು ಮಧ್ಯಾಹ್ನ ಭರತ, ಸಂಜೆ ಇಳಿತ, ಅದೂ ಭಾರಿ ಇಳಿತ. ಸಪ್ತಮಿ, ಅಷ್ಟಮಿಗೆ ಸಂಜೆ ಐದು-ಆರಕ್ಕೆ ಭರತ. ಬಿಸಿಲು ಇಳಿದಿರುತ್ತದೆ, ನೀರು ತಾನೇ ದಂಡೆಯ ಹತ್ತಿರ ಬಂದಿರುತ್ತದೆ. ಆ ದಿನಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಇರುವುದಿಲ್ಲವಾದ್ದರಿಂದ ಏರುವುದೂ ಇಳಿಯುವುದೂ ಕಡಿಮೆ. ವಯಸ್ಸಾದವರನ್ನು ಕೂರಿಸಲಿಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ.

ಊರು ದಿವೇಆಗರ್ ಆಗಲಿ. ಸುಮಾರು 4 ಕಿಲೋಮೀಟರ್ ಉದ್ದದ ಚಪ್ಪಟೆ ದಂಡೆ. ಧಾಯರಿಯಿಂದ ಮುಳಶಿ, ತಾಮ್ಹಿಣಿ ಘಾಟಿ, ಮಾಣಗಾಂವ್, ಮ್ಹಸಳಾ ದಾರಿಯಲ್ಲಿ ಸುಮಾರು 160 ಕಿಲೋಮೀಟರ್. ಹರಿಹರೇಶ್ವರದಲ್ಲಿ ಪ್ರದಕ್ಷಿಣೆ ಹಾಕಬೇಕಾದರೆ ಮೆಟ್ಟಿಲಿಳಿದು ಕಡಲ ಬಂಡೆಗಳ ಮೇಲೆ ಹೋಗಬೇಕು, ಭರತದ ಹೊತ್ತಿಗೆ ಅದು ಅಪಾಯ, ಅವರ ಮೊಣಕಾಲಿಗಂತೂ ಬೇಡವೇ ಬೇಡ. ಕಾಶೀದ್ ಚೆಂದವೇ, ಆದರೆ ಅಲ್ಲಿ ಅಲೆಯ ಸೆಳೆತ ಜೋರು.

ಒಂದೇ ದಿನದಲ್ಲಿ ಹೋಗಿ ಬರಬೇಡಿ. ಎಂಟು ತಾಸು ಕಾಲು ಮಡಚಿ ಕೂತರೆ ಅವರಿಗೆ ಕಡಲಿಗಿಂತ ನೋವೇ ನೆನಪಿನಲ್ಲಿ ಉಳಿಯುತ್ತದೆ. ನೆಲಮಹಡಿಯ ಕೋಣೆ ಹಿಡಿದು ಒಂದು ರಾತ್ರಿ ಉಳಿಯಿರಿ. ಊಟಕ್ಕೆ ಊರೊಳಗೆ ಮನೆ ಖಾನಾವಳಿಗಳಿವೆ, ಎಷ್ಟು ತಾಟು ಅಂತ ಬೆಳಿಗ್ಗೆಯೇ ಹೇಳಿಬಿಡಬೇಕು. ಬೇಕೆಂದರೆ ಉಕಡೀಚೆ ಮೋದಕ, ಅಂದರೆ ಆವಿಯಲ್ಲಿ ಬೇಯಿಸಿದ ಮೋದಕ, ಮಾಡಿಕೊಡುತ್ತಾರೆ. ಅತ್ತೆಯವರಿಗೆ ಆಸ್ಥೆ ಇದ್ದರೆ ಸುವರ್ಣ ಗಣೇಶನ ಗುಡಿಗೂ ಹೋಗಿ. 1997ರಲ್ಲಿ ಅಲ್ಲಿಯ ಅಡಿಕೆ ತೋಟದಲ್ಲಿ ಸಿಕ್ಕಿದ ಚಿನ್ನದ ಮುಖವಾಡ ಅದು. 2012ರಲ್ಲಿ ಕಳುವಾಗಿ ಊರೇ ಅತ್ತಿತ್ತು, ಈಗ ಹೊಸದಾಗಿ ಮಾಡಿಸಿದ್ದು ಪ್ರತಿಷ್ಠೆಯಾಗಿದೆ. ತೋಟಗಳು ಮಾತ್ರ 2020ರ ಜೂನ್ 3ರ ನಿಸರ್ಗ ಚಂಡಮಾರುತಕ್ಕೆ ಸಿಕ್ಕಿ ಮಲಗಿಬಿಟ್ಟಿದ್ದವು. ಬುಡ ಸಮೇತ ಬಿದ್ದ ಅಡಿಕೆ ಮರಗಳನ್ನು ನೋಡಿ ನಮ್ಮೂರಿನವರೇ ಬಿದ್ದ ಹಾಗಾಗಿತ್ತು ನನಗೆ.

ಕುರ್ಚಿಯ ವಿಷಯ ಮರೆಯಬೇಡಿ. ಕೈಯಿರುವ ಪ್ಲಾಸ್ಟಿಕ್ ಕುರ್ಚಿ ತೆಗೆದುಕೊಂಡು ಹೋಗಿ, ಜೊತೆಗೆ ಒಂದು ಪ್ಲೈವುಡ್ ತುಂಡು. ಅಲೆ ವಾಪಸು ಹೋಗುವಾಗ ಕುರ್ಚಿ ಕಾಲಿನ ಬುಡದ ಮರಳನ್ನು ಎಳೆದುಕೊಂಡು ಹೋಗುತ್ತದೆ, ನಾಲ್ಕನೇ ಅಲೆಗೆ ಕುರ್ಚಿ ಒಂದು ಬದಿಗೆ ವಾಲುತ್ತದೆ. ಹಲಗೆ ಇದ್ದರೆ ವಾಲುವುದಿಲ್ಲ. ವಾಕರ್ ಮರಳಲ್ಲಿ ನಡೆಯದು, ಕುರ್ಚಿಯಲ್ಲಿ ಕೂರಿಸಿಕೊಂಡೇ ಇಬ್ಬರು ಎತ್ತಿಕೊಂಡು ಹೋಗಿ. ಕಾರನ್ನು ಮರಳಿಗೆ ಇಳಿಸಬೇಡಿ, ಒಂದು ಸಲ ಹೂತರೆ ಭರತ ಕಾಯುವುದಿಲ್ಲ.

ಸಂಡಾಸಕ್ಕೆ ಕ್ಯಾರವಾನೇ ಬೇಕೆಂದಿಲ್ಲ. ಮಡಚುವ ಕಮೋಡ್ ಕುರ್ಚಿ ಔಷಧಿ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ, ಡಿಕ್ಕಿಯಲ್ಲಿ ಹಿಡಿಸುತ್ತದೆ. ಒಂದು ಹಳೇ ಸೀರೆ, ಎರಡು ಕೊಡೆ ಇದ್ದರೆ ಎಲ್ಲಿ ಬೇಕಾದರೂ ಮರೆ ಮಾಡಬಹುದು.

ಮಗನಿಗೆ ಒಂದು ಮಾತು. 2016ರ ಫೆಬ್ರವರಿ 1ರಂದು ಮುರುಡ್ ದಂಡೆಯಲ್ಲಿ ಪುಣೆಯಿಂದ ಪ್ರವಾಸ ಬಂದಿದ್ದ 14 ಕಾಲೇಜು ಮಕ್ಕಳು ನೀರುಪಾಲಾದರು. ಕೆರೆಯಲ್ಲಿ ಕಲಿತ ಈಜು ಕಡಲಲ್ಲಿ ನಡೆಯುವುದಿಲ್ಲ. ಮೊಣಕಾಲಿನವರೆಗೆ ನೀರು ಸಾಕು ಮಗಾ, ಅಜ್ಜಿಯ ಕುರ್ಚಿ ಹಿಡಿದುಕೊಂಡು ನಿಲ್ಲು.

ಪಿಂಪ್ರಿ ಬಾಗಲಕೋಟಿ

ಅಣ್ಣಾರು ಹೇಳಿದ್ದು ಬರೋಬ್ಬರಿ ಅದ, ಆದ್ರ ಕ್ಯಾರವಾನ್ ಪೂರ್ತಿ ತಗದು ಹಾಕಬ್ಯಾಡ್ರಿ. ನಾವು ಅವ್ವಗ ಪಾರ್ಶ್ವವಾಯು ಆದ ಮ್ಯಾಲೆ ಐದು ದಿನ ಕ್ಯಾರವಾನ್ ಮಾಡಕೊಂಡು ಗಣಪತಿಪುಳೆ, ತಾರ್ಕರ್ಲಿ ಹೋಗಿದ್ವಿ. ಅಕಿ ಮಲಕೊಂಡ ಕಿಡಕ್ಯಾಗ ಹೊರಗ ನೋಡಕೋತ ಬಂದಳು. ಕಾರಿನ್ಯಾಗ ಆ ದಾರಿ ಆಗ್ತಿದ್ದಿಲ್ಲ. ದೂರದ ಊರಿಗೆ, ನಾಲ್ಕೈದು ದಿನಕ್ಕ ಅದು ಚಲೋ. ಒಂದು ರಾತ್ರಿಗೆ ತಾಮ್ಹಿಣಿ ತಿರುವಿನ್ಯಾಗ ಅಷ್ಟು ದೊಡ್ಡ ಗಾಡಿ ಬ್ಯಾಡ. ನಾವು ಕೊಲ್ಹಾಪುರದ ಕಡೆಯಿಂದ ಆಂಬಾ ಘಾಟ ಇಳದ್ವಿ.

ಮುಂದ ಯಾರರ ತಗೊಳ್ಳೋರಿದ್ರ ಗಾಡಿ ಕೈಗೆ ಬಂದ ಕೂಡ್ಲೆ ಸಂಡಾಸದ ಟಾಕಿ ತಗದು ನೋಡ್ರಿ. ನಮಗ ಕೊಟ್ಟವರು ಹಿಂದಿನವರದ್ದು ಖಾಲಿ ಮಾಡಿದ್ದೇ ಇಲ್ಲ, ಮೂರನೇ ತಾಸಿಗೆ ವಾಸನಿ ಶುರು ಆತು. ಅವ್ವ ಮಾರಿ ಸೆರಗಿನ್ಯಾಗ ಮುಚ್ಚಕೊಂಡು ಕೂತಿದ್ದು ನೋಡಿ ನನಗ ಕಣ್ಣೀರು ಬಂತು. ಮತ್ತ ರಾತ್ರಿ ಎಲ್ಲಿ ನಿಲ್ಲಿಸೋದು ಅಂತ ಮೊದ್ಲ ಗಟ್ಟಿ ಮಾಡಕೋರಿ. ಎಸಿ ನಡೀಬೇಕಂದ್ರ ಹೊರಗಿನ ಕರೆಂಟ್ ಬೇಕು, ನೀರು ತುಂಬಿಸ್ಲಿಕ್ಕೆ ನಳ ಬೇಕು. ನಾವು ರೆಸಾರ್ಟಿನ ಅಂಗಳದಾಗ ನಿಲ್ಲಿಸಿ ರೊಕ್ಕ ಕೊಟ್ವಿ. ಸಂಡಾಸದ ಮೆಟ್ಟಲಾ ಅಳತಿ ಮಾಡ್ರಿ. ನಮ್ಮ ಗಾಡ್ಯಾಗ ಅದು ಒಂದು ಮೊಳ ಎತ್ತರ ಇತ್ತು, ಅವ್ವನ್ನ ಎತ್ತಿ ಇಳಸಬೇಕಾತು.

ಗದಗಿನ ಸೊಸಿ

ಕಾಕಾ, ನಿಮ್ಮ ಉತ್ತರ ಅತ್ತಿಯವರಿಗೆ ಓದಿ ಹೇಳಿದೆ. ಮುಕ್ಕಾಲು ಅಂದ ಕೂಡ್ಲೆ ಅವರು ಕಣ್ಣು ಮುಚ್ಚಿ ಮುಕ್ಕಾಲರ ಮಗ್ಗಿ ಶುರು ಮಾಡಿಬಿಟ್ರು, ‘ಒಂದು ಮುಕ್ಕಾಲು ಮುಕ್ಕಾಲು, ಎರಡು ಮುಕ್ಕಾಲು ಒಂದೂವರಿ’ ಅಂತ. ಗದಗಿನ ಕನ್ನಡ ಸಾಲ್ಯಾಗ ಕಲ್ತಿದ್ದಂತ. ಪಂಚಾಂಗ ಅವರೇ ತಗದು ಶುಕ್ಲ ಅಷ್ಟಮಿ ಗಟ್ಟಿ ಮಾಡ್ಯಾರ. ಕಾರಿನ್ಯಾಗ ಹೋಗ್ತೀವಿ. ಬಾಗಲಕೋಟಿ ಅಣ್ಣಾ, ನಿಮ್ಮ ಅವ್ವಗ ನನ್ನ ನಮಸ್ಕಾರ ಹೇಳ್ರಿ.

ಗದಗಿನ ಸೊಸಿ

ಹೋಗಿ ಬಂದ್ವಿ. ಐದೂಕಾಲಿಗೆ ದಂಡಿಗೆ ಹೋದ್ವಿ, ಗಾಳಿ ಮರಗಳು ದಾಟಿದ ಕೂಡ್ಲೆ ನೀರು ಅಲ್ಲೇ ಇತ್ತು. ಮಗ, ನಮ್ಮ ಮನಿಯವರು ಕುರ್ಚಿ ಎತ್ತಿಕೊಂಡು ಹಲಗಿ ಮ್ಯಾಲೆ ಇಟ್ರು. ಮೊದಲನೇ ಅಲೆ ಹೆಬ್ಬಟ್ಟಿಗೆ ಬಂದು ನಿಂತು ಹೋತು. ಅತ್ತಿಯವರು ಸೀರಿ ನಿರಿಗಿ ಎರಡೂ ಕೈಲೆ ಎತ್ತಿ ಹಿಡದು ಎರಡನೇದಕ್ಕ ಕಾದ್ರು. ಅದು ಮೀನಖಂಡದ ತನಕ ಬಂತು, ‘ಬೆಚ್ಚಗದ ಅಲ್ಲವಾ’ ಅಂದ್ರು. ತಣ್ಣಗಿರ್ತದ ಅಂತ ಅನಕೊಂಡಿದ್ರಂತ. ಆಮ್ಯಾಲೆ ಒಂದು ಬೊಗಸಿ ನೀರು ಹಿಡದು ಮಾವನವರ ಹೆಸರು ಹೇಳಿ ಬಿಟ್ರು. ನಾವು ಯಾರೂ ಮಾತಾಡಲಿಲ್ಲ. ಹೊತ್ತು ಮುಣಗಿದ ಮ್ಯಾಲೆ ನೆತ್ತಿ ಮ್ಯಾಲೆ ಅರ್ಧ ಚಂದ್ರ ಇದ್ದ. ಏಳರ ತನಕ ಏಳಲಿಲ್ಲ ಅವರು, ನೀರು ಇಳೀಲಿಕ್ಕೆ ಶುರು ಆದದ್ದು ನಮಗಿಂತ ಮೊದ್ಲ ಅವರೇ ಗುರುತು ಹಿಡದ್ರು.

ದಾರಿಯೊಳಗ ಕಮೋಡ್ ಕುರ್ಚಿ ಮೂರು ಸಲ ಬೇಕಾತು, ಎರಡು ಸಲ ಘಾಟಿಯೊಳಗನ. ಸೀರಿ, ಕೊಡಿ ಎರಡೂ ಉಪಯೋಗಕ್ಕ ಬಂದ್ವು. ಕುರ್ಚಿ ತೊಳದು ಬಿಸಲಿಗೆ ಒಣಗಿಸಿ ಇಟ್ಟೀನಿ. ಪುಣೆದಾಗ ಯಾರಿಗಾದರೂ ಹಿರಿಯರನ್ನ ಕರಕೊಂಡು ಹೋಗ್ಲಿಕ್ಕೆ ಬೇಕಿದ್ರ ಇಲ್ಲೇ ಬರೀರಿ, ಧಾಯರಿಗೆ ಬಂದು ಒಯ್ಯಬಹುದು. ಪ್ಲೈವುಡ್ ಹಲಗಿನೂ ಅದರ ಜೋಡಿನ ಅದ.